ಮೊಳೆಗೆ ತೂಗುಹಾಕಿದ ತಮಟೆ

ಅಪ್ಪ ಮದುವೆ ಬ್ಯಾಂಡಿನಲ್ಲಿ ಕಾರ್ನೆಟ್ ಅನ್ನುವ ಗಿಡ್ಡ ತುತ್ತೂರಿ ಊದುತ್ತಿದ್ದ. ಹಲಸೂರಿನ ನಮ್ಮ ಓಣಿಯವರು ಅವನನ್ನು ಬ್ಯಾಂಡ್ ಮಾಸ್ಟರ್ ಅಂತಲೇ ಕರೆಯುತ್ತಿದ್ದರು, ಅವನು ಮಾಸ್ಟರ್ ಅಲ್ಲದಿದ್ದರೂ. ಅವನ ಕೆಂಪು ಕೋಟಿನ ಹಿತ್ತಾಳೆ ಗುಂಡಿಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜುವ ಕೆಲಸ ಮಗಳಾದ ನನ್ನದು. ನನಗಾಗ ಹದಿನಾರು ವರ್ಷ. ಮಿಷನ್ ಶಾಲೆಯಲ್ಲಿ ಕಲಿತ ಇಂಗ್ಲಿಷು ಮನೆಯಲ್ಲಿ ಯಾತಕ್ಕೂ ಬಾರದೆ ಬಿದ್ದಿತ್ತು.

ನಮ್ಮದು ಕೆ.ಆರ್. ಪುರದಾಚೆಯ ಒಂದು ಹಳ್ಳಿ. ಅಲ್ಲಿ ತಾತ ತಮಟೆ ಬಾರಿಸುವವನು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಕರೆ ಬರುತ್ತಿತ್ತು, ಹೋಗಲೇಬೇಕು. ಬಾರಿಸಿದ್ದಕ್ಕೆ ಸಿಗುತ್ತಿದ್ದುದು ತಂಗಳನ್ನ, ಅದೂ ಅಂಗಳದ ಹೊರಗೆ. ಒಂದು ಸಲ ಜ್ವರದಲ್ಲಿ ಮಲಗಿದ್ದ ತಾತನನ್ನು ಎಬ್ಬಿಸಿ ಎಳೆದುಕೊಂಡು ಹೋದರಂತೆ. ಅದನ್ನು ಕಣ್ಣಾರೆ ಕಂಡ ಅಪ್ಪ ಊರು ಬಿಟ್ಟು ಕಂಟೋನ್ಮೆಂಟಿಗೆ ಬಂದ, ಬ್ಯಾಂಡಿನವರ ಕೈಕಾಲು ಹಿಡಿದು ಕಾರ್ನೆಟ್ ಕಲಿತ. ಅಜ್ಜಿ ತೀರಿಕೊಂಡ ಮೇಲೆ ತಾತನನ್ನೂ ಕರೆತಂದ. ತಾತ ತಂದದ್ದು ಒಂದು ಕಂಬಳಿ, ಒಂದು ತಮಟೆ. ಅಪ್ಪ ಆ ತಮಟೆಯನ್ನು ಒಳಕೋಣೆಯ ಮೊಳೆಗೆ ತೂಗುಹಾಕಿ, "ಇಲ್ಲಿ ಇದು ಸದ್ದು ಮಾಡಂಗಿಲ್ಲ ಅಪ್ಪಾ" ಅಂದುಬಿಟ್ಟ.

ಅವನ ಭಯ ಸುಳ್ಳಲ್ಲ. ಓಣಿಯವರಿಗೆ ನಾವು ಬ್ಯಾಂಡಿನವರು, ಅಷ್ಟೇ. ತಮಟೆ ಕೇಳಿಸಿದರೆ ನಾವು ಯಾವ ಕೇರಿಯವರು ಅನ್ನುವುದು ಮೊದಲ ಪೆಟ್ಟಿಗೇ ಗೊತ್ತಾಗುತ್ತಿತ್ತು. ಮನೆ ಖಾಲಿ ಮಾಡಿ ಅನ್ನಲು ಮಾಲೀಕರಿಗೆ ಬೇರೆ ಕಾರಣ ಬೇಕಿರಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದ ಜನ ಅವರು. ಆ ಒಬ್ಬಟ್ಟಿನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಎರಡನೆಯ ಮಹಾಯುದ್ಧ ಬಂತು. ಕಂಟೋನ್ಮೆಂಟಿನ ತುಂಬ ಹೊರದೇಶದ ಸಿಪಾಯಿಗಳು. ಈಗಿನ ಶಿವಾಜಿನಗರವನ್ನು ಆಗ ಬ್ಲ್ಯಾಕ್‌ಪಲ್ಲಿ ಅನ್ನುತ್ತಿದ್ದರು. ಅಲ್ಲಿ ವಾದ್ಯ ರಿಪೇರಿ ಮಾಡುವ ಸಾಹೇಬರೊಬ್ಬರ ಅಂಗಡಿಯಲ್ಲಿ ಅಪ್ಪನಿಗೆ ಅಮೆರಿಕದ ಕಪ್ಪು ಸಿಪಾಯಿಯೊಬ್ಬ ಸಿಕ್ಕಿದ. ಅವನ ಕೈಯಲ್ಲೂ ಕಾರ್ನೆಟ್. "ಅರೇ, ದೋನೋ ಕಾ ಬಾಜಾ ಏಕೀಚ್ ಹೈ!" ಇಬ್ಬರದೂ ಒಂದೇ ವಾದ್ಯ ಅಂತ ಸಾಹೇಬರು ನಕ್ಕರಂತೆ. ಮುಂದಿನ ಭಾನುವಾರ ಆ ಸಿಪಾಯಿ ನಮ್ಮ ಮನೆಯ ಚಾಪೆಯ ಮೇಲೆ, ಉದ್ದನೆಯ ಕಾಲುಗಳನ್ನು ಎಲ್ಲಿಡುವುದೆಂದು ತಿಳಿಯದೆ, ಚಹಾ ಕುಡಿಯುತ್ತ ಕುಳಿತಿದ್ದ. ಕಂಟೋನ್ಮೆಂಟಿನ ಡ್ಯಾನ್ಸ್ ಹಾಲಿನಲ್ಲಿ ಅವನ ದೇಶದ ಬಿಳಿಯರೇ ಅವನನ್ನು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಭಾನುವಾರಗಳು ನಮ್ಮ ಪಾಲಿಗೆ ಬಂದವು.

ಅವನು ಹೇಳಿದ್ದನ್ನು ನಾನು ಕನ್ನಡದಲ್ಲಿ ತಾತನಿಗೆ ಹೇಳುತ್ತಿದ್ದೆ. ಕೊನೆಗೂ ನನ್ನ ಇಂಗ್ಲಿಷಿಗೊಂದು ಕೆಲಸ ಸಿಕ್ಕಿತ್ತು. ಅವನ ಅಪ್ಪ ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿದವನು. ಅಲ್ಲಿಯ ಹೊಡೆತ, ಅವಮಾನ ತಾಳಲಾರದೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಉತ್ತರದ ದೊಡ್ಡ ಪಟ್ಟಣದ ರೈಲು ಹತ್ತಿದ. ಅವನಂಥವರು ಊರಿಗೆ ಊರೇ ಎದ್ದು ಬಂದಿದ್ದರಂತೆ. ಬಂದವರ ಮಕ್ಕಳು ಆ ಪಟ್ಟಣದಲ್ಲಿ ಪದ್ಯ ಬರೆದರು, ಚಿತ್ರ ಬರೆದರು, ನಾಟಕ ಆಡಿದರು, ತಮ್ಮದೇ ಪತ್ರಿಕೆ ಅಚ್ಚುಹಾಕಿದರು. ಸಂಜೆಯಾದರೆ ಕಿಟಕಿ ಕಿಟಕಿಯಿಂದ ಪಿಯಾನೋ, ಕಾರ್ನೆಟ್. ಅವನ ಅಮ್ಮ ಶನಿವಾರ ಮಂಚವನ್ನು ಗೋಡೆಗೆ ಒರಗಿಸಿ ಜನರನ್ನು ಕುಣಿಯಲು ಕರೆಯುತ್ತಿದ್ದಳಂತೆ, ಬಂದವರು ಕೊಟ್ಟದ್ದರಲ್ಲಿ ಬಾಡಿಗೆ ಕಟ್ಟುತ್ತಿದ್ದಳಂತೆ. ತಾತನಿಗೆ ಅದು ಬಹಳ ಹಿಡಿಸಿತು. "ಗಟ್ಟಿಗಿತ್ತಿ" ಅಂದ.

ಆದರೆ ಆ ಮನೆಯಲ್ಲೊಬ್ಬಳು ಮುದುಕಿ ಇದ್ದಳು, ಸಿಪಾಯಿಯ ಅಜ್ಜಿ. ಹೊಲದಲ್ಲಿ ಹಾಡುತ್ತಿದ್ದ ಹಾಡುಗಳನ್ನು ಅವಳು ಅಡುಗೆಮನೆಯಲ್ಲಿ ಹಾಡಿದರೆ ಮಗ ಗದರುತ್ತಿದ್ದ. ಜನ ಕೇಳಿದರೆ ಹಳ್ಳಿ ಗುಗ್ಗುಗಳು ಅಂದಾರು, ಅದೆಲ್ಲ ಅಲ್ಲೇ ಸಾಯಲಿ ಅನ್ನುತ್ತಿದ್ದ. ಮುದುಕಿ ಸುಮ್ಮನಾದಳು. ಕೆಲವು ವರ್ಷಗಳ ಮೇಲೆ ಆ ಪಟ್ಟಣದ ದೊಡ್ಡ ಸಭೆಯಲ್ಲಿ ಹುಡುಗಿಯೊಬ್ಬಳು ರೇಷ್ಮೆ ತೊಟ್ಟು ಅದೇ ಹೊಲದ ಹಾಡನ್ನು ಹಾಡಿದಳು. ಸಭೆ ಎದ್ದು ನಿಂತಿತು. ಎದ್ದು ನಿಲ್ಲಲಾರದೆ, ಹ್ಯಾಟು ತೊಡೆಯ ಮೇಲಿಟ್ಟುಕೊಂಡು ಅತ್ತವನು ಸಿಪಾಯಿಯ ಅಪ್ಪ ಒಬ್ಬನೇ.

"ಆ ಮುದುಕಿ ಕೇಳಿಸ್ಕೊಂಡ್ಳಾ?" ತಾತ ಕೇಳಿದ.

"ಇಲ್ಲ ತಾತ. ಅಷ್ಟೊತ್ತಿಗೆ ಹೋಗ್ಬಿಟ್ಟಿದ್ಳಂತೆ."

ತಾತ ಒಳಕೋಣೆಯ ತಮಟೆಯ ಕಡೆ ನೋಡಿದ. ಆಮೇಲೆ ಅಪ್ಪನಿಗೆ ಹೇಳಿದ: "ಒಂದು ಭಾನುವಾರ, ಮಗಾ. ಇವನ ಬಾಜಾ ಜೊತೆ ಒಂದೇ ಒಂದ್ಸಲ ಬಾರಿಸ್ತೀನಿ."

ಅಪ್ಪ ಎದ್ದು ಕಿಟಕಿ ಮುಚ್ಚಿದ. ಆದರೂ ಇಲ್ಲ ಅನ್ನಲಿಲ್ಲ. "ಮದುವೆ ಸೀಸನ್ ಮುಗೀಲಿ ಅಪ್ಪಾ. ಆಮೇಲೆ ನೋಡೋಣ."

ಅಷ್ಟು ಸಾಕಾಯಿತು ತಾತನಿಗೆ. ಬಿದಿರು ಸೀಳಿ ಹೊಸ ಕಡ್ಡಿ ಹೆರೆದ. ಹಗಲೆಲ್ಲ ಮಡಿಸಿದ ಕಂಬಳಿಯ ಮೇಲೆ ಮೆತ್ತಗೆ ಬಾರಿಸುತ್ತ ಕೂರುತ್ತಿದ್ದ. ನೋಡಿದರೆ ನಗುವೂ ಬರುತ್ತಿತ್ತು, ಪಾಪವೂ ಅನ್ನಿಸುತ್ತಿತ್ತು. ಅಷ್ಟರಲ್ಲಿ ಸಿಪಾಯಿಯನ್ನು ಅಸ್ಸಾಮಿನ ಕಡೆ ಕಳಿಸಿದರು. ಹೇಳಿ ಹೋಗಲು ಬಂದವನು ಗೋಡೆಯ ತಮಟೆಯನ್ನು ಬೆರಳಿನಿಂದ ಮುಟ್ಟಿ ಹೋದ. ಮತ್ತೆ ಅವನ ಸುದ್ದಿ ಬರಲಿಲ್ಲ.

ಸೀಸನ್ನಿನ ಕೊನೆಯ ಮದುವೆಗಳು ನಡೆಯುತ್ತಿದ್ದಾಗ ಒಂದು ಬೆಳಗ್ಗೆ ತಾತ ಏಳಲಿಲ್ಲ. ಊರಿನ ಕೇರಿಯಿಂದ ಹಿರಿಯರು ನಡೆದು ಬಂದರು. ಅವರಲ್ಲೊಬ್ಬ ಅಪ್ಪನನ್ನು ಕೇಳಿದ: "ಊರೋರ ಸಾವಿಗೆಲ್ಲ ಬಾರಿಸ್ದೋನು ಕಣೋ. ಅವನ ಸಾವಿಗೆ ಯಾರೂ ಬಾರ್ಸಲ್ವಾ?"

ಅಪ್ಪ ಒಳಗೆ ಹೋಗಿ ತಮಟೆ ಇಳಿಸಿಕೊಂಡು ಬಂದ. ಓಣಿಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೀದಿಯಲ್ಲೇ ಹುಲ್ಲು ಹಾಕಿ ಬೆಂಕಿ ಹಚ್ಚಿದ. ತಮಟೆಯ ಚರ್ಮ ಬಿಗಿಯಾಗಲು ಅದನ್ನು ಉರಿಗೆ ಹಿಡಿಯಬೇಕು, ದೂರದಿಂದ, ತಿರುಗಿಸುತ್ತ, ಸಾವಕಾಶವಾಗಿ. ಚಿಕ್ಕಂದಿನಲ್ಲಿ ಅಪ್ಪನಿಗೆ ಅದು ಗೊತ್ತಿದ್ದದ್ದೇ. ಕಾರ್ನೆಟ್ ಹಿಡಿದ ಕೈ ಮರೆತಿತ್ತು. ಚರ್ಮವೂ ಎಣ್ಣೆ ಕಾಣದೆ ಗೋಡೆಯ ಮೇಲೆ ಒಣಗಿತ್ತು. ಅಳುತ್ತ, ಅವಸರದಲ್ಲಿ, ತೀರ ಹತ್ತಿರ ಹಿಡಿದ. ಅದು ಒಂದಂಚಿನಿಂದ ಇನ್ನೊಂದಂಚಿನವರೆಗೆ ಹರಿದುಹೋಯಿತು.

ಬಚ್ಚಿಟ್ಟದ್ದೆಲ್ಲ ಬೀದಿಗೆ ಬಂದಿತ್ತು, ಸದ್ದು ಮಾತ್ರ ಬರಲಿಲ್ಲ. ಅಪ್ಪ ಹರಿದ ತಮಟೆಯನ್ನು ನನ್ನ ಕೈಗೆ ಕೊಟ್ಟು, ಕಾರ್ನೆಟ್ ತಂದು, ಸ್ಮಶಾನದವರೆಗೂ ಒಂದೇ ಸ್ವರದಲ್ಲಿ ಸಾವಿನ ತಮಟೆಯ ಏಟುಗಳನ್ನು ಊದಿದ. ಕೇರಿಯ ಹಿರಿಯರಿಗೆ ಅದು ಏನೆಂದು ತಿಳಿಯಿತು. ಅವರು ಅದಕ್ಕೆ ಹೆಜ್ಜೆ ಹಾಕಿದರು.

ಮುಂದಿನ ಹಬ್ಬಕ್ಕೆ ಒಬ್ಬಟ್ಟು ಬರಲಿಲ್ಲ, ಮನೆ ಬಿಡಿ ಅನ್ನುವ ಮಾತು ಬಂತು. ನಾವು ಕಗ್ಗದಾಸಪುರದ ಅಂಚಿಗೆ ಹೋದೆವು. ಆಗ ಅದು ಹೊಲಗಳ ನಡುವಿನ ಹಳ್ಳಿ. ನಮ್ಮ ಗುಡಿಸಿಲಿನ ಸುತ್ತ ನಮ್ಮವರೇ. ಹಗಲೆಲ್ಲ ತಮಟೆ ಬಾರಿಸಿದರೂ ಯಾಕೆ ಅಂತ ಕೇಳುವವರಿರಲಿಲ್ಲ.

ಅಪ್ಪ ಅಲ್ಲಿ ಮೊದಲು ಮಾಡಿದ್ದು ಒಂದು ಮೊಳೆ ಹೊಡೆದು, ಚರ್ಮ ಹೋದ ಆ ತಮಟೆಯ ಮರದ ಬಳೆಯನ್ನು ತೂಗುಹಾಕಿದ್ದು. ಹಾಕಿ, ನನ್ನ ಕಡೆ ತಿರುಗದೆ ಹೇಳಿದ: "ಒಂದು ಭಾನುವಾರ ಕೇಳಿದ್ದ ಕಣಮ್ಮಾ. ಒಂದೇ ಒಂದು."