ಗದಗಿನಾಗ ಆರಿಸಿದ ಮಿಲಿಟರಿ ಲಾರಿ

ಈ ಸಲ ಒಂದು ಮಾತೂ ಸುಳ್ಳಿಲ್ಲ, ನನ್ನ ಮೀಸಿ ಆಣಿ. ಮಿಲಿಟರಿಯವರು ಮಾರಿದ ಎರಡು ಹಳೀ ಲಾರಿ ಗದಗಿನ ವ್ಯಾಪಾರಿ ಹಂತ್ಯಾಕ ಬಂದಿದ್ವು. ನನಗ ಜ್ವಾಳದ ಚೀಲ ಹೇರಾಕ ಒಂದು ಬೇಕಾಗಿತ್ತು. ಮೊದಲನೇದರ ಇಂಜಿನ್ ಹುಲಿ ಹಂಗ ಗುರ್ ಅಂತು. ಎರಡನೇದರ ಬಾನೆಟ್ ಮ್ಯಾಲ ಅಲ್ಲಿಯ ಮುದುಕ ವಾಚಮನ್ ಕೈ ಇಟ್ಕೊಂಡು ನಿಂತಿದ್ದ.

"ಸೈನ್ಯದಾಗ ಹದಿನಾರು ವರ್ಷ ಇದನ್ನಽ ಓಡಿಸೀನ್ರಿ. ನೀವು ಒಯ್ಯಲಿಲ್ಲಂದ್ರ ನಾಳೆ ಗುಜರಿಗೆ ಹಾಕ್ತಾರ" ಅಂದ.

"ಇಂಜಿನ್ ನೋಡೂಣು ತಡೀರಿ" ಅಂದೆ.

ತುಂಬಿದ ಚಾದ ಕಪ್ಪು ಬಾನೆಟ್ ಮ್ಯಾಲಿಟ್ಟು ಚಾವಿ ತಿರುವಿದ. ಒಂದು ಹನಿ ಚೆಲ್ಲಲಿಲ್ಲ. ಅದಕ್ಕಽ ಅದನ್ನ ಆರಿಸಿದೆ.

ಇಷ್ಟು ಹೇಳೂದ್ರಾಗ, ಕೇಳ್ಕೋತ ಕುಂತಿದ್ದ ನನ್ನ ಹೆಂಡತಿ ಬಾಯಿ ಹಾಕಿದ್ಲು.

"ಹೆಂಗ ಚೆಲ್ಲತೈತ್ರಿ? ಇಂಜಿನ್ ಚಾಲೂನಽ ಆಗಲಿಲ್ಲಲ್ಲ. ಆ ಅಜ್ಜನ ಕಣ್ಣಾಗ ನೀರು ನೋಡಿ ತಗೊಂಡ್ರಿ. ನಮ್ಮೂರು ಡೋಣಿತನಕ ಲಾರೀನ ನಮ್ಮ ಎತ್ತು ಎಳ್ಕೊಂಡು ಬಂದ್ವು."