ಮಹಡಿಯ ಮೇಲಿನ ಹರಳು

ಹೋದ ತಿಂಗಳು ಗಾಂಧಿ ಬಜಾರಿನ ಔಷಧಿ ಅಂಗಡಿಯಲ್ಲಿ ಟಿಂಕ್ಚರ್ ಶೀಶೆಯೊಂದು ಬಿದ್ದು ಒಡೆಯಿತು. ಆ ಅಯೋಡಿನ್ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಕೆಮಿಸ್ಟ್ರಿ ಮೇಡಂ ನೆನಪಾದರು…

ತೊಂಬತ್ತರ ದಶಕದ ಕೊನೆ. ನಾನಾಗ ಪಿಯುಸಿ. ಮೇಡಂ ಒಬ್ಬರೇ ಇದ್ದರು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್‌ಡಿ ಮಾಡುತ್ತಿದ್ದರು. ನೆಗೆಟಿವ್ ನೆಗೆಟಿವನ್ನು ತಳ್ಳುತ್ತದೆ ಎಂದು ನನಗೆ ಕಲಿಸಿದವರೇ ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಬೇರೆ ಮಾತು ಹೇಳಿದರು.

"ಅಯೋಡಿನ್ ಸುತ್ತ ಎಲೆಕ್ಟ್ರಾನ್ ಎಲ್ಲಾ ಕಡೆ ಒಂದೇ ಸಮ ಇರಲ್ಲ ಕಣೇ. ತುದೀಲಿ ತೆಳುವಾಗಿರತ್ತೆ. ಎರಡು ಅಣುನೂ ನೆಗೆಟಿವ್ ಆಗಿದ್ರೂ, ತೀರಾ ಹತ್ರ ಬಂದಾಗ ಒಂದು ಇನ್ನೊಂದರ ಆ ತುದೀನ ಹಿಡ್ಕೊಳ್ಳತ್ತೆ."

ಅವರ ಗೈಡ್ ಇದನ್ನು ಕೇಳಿ ನಕ್ಕುಬಿಟ್ಟರಂತೆ. ಲ್ಯಾಬಿನಲ್ಲಿ ಜಾಗವನ್ನೂ ಕೊಡಲಿಲ್ಲ. ಒಂದು ಒಳ್ಳೆಯ ಹರಳು ಸಿಕ್ಕರೆ ಸಾಕು, ಎಕ್ಸ್‌ರೇ ಹಾಯಿಸಿ ಯಾವ ಅಣು ಯಾವುದರ ಪಕ್ಕ ಕೂತಿದೆ ಎಂದು ತೋರಿಸಬಹುದು ಎನ್ನುತ್ತಿದ್ದರು ಮೇಡಂ. ಅದಕ್ಕೇ ಮಹಡಿಯ ಹಿಂದಿನ ಕೋಣೆಯಲ್ಲಿ ಅಯೋಡಿನ್ ದ್ರಾವಣ ತುಂಬಿದ ಗಾಜಿನ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಕಿಟಕಿಗಳನ್ನು ಭದ್ರವಾಗಿ ಮುಚ್ಚಿದರು.

ಮೊದಲು ಅಮ್ಮನ ದೇವರ ಮನೆಯ ಬೆಳ್ಳಿ ದೀಪ ಕಂದಿತು. ಎಷ್ಟು ತಿಕ್ಕಿದರೂ ಮತ್ತೆ ಕಂದುತ್ತಿತ್ತು. ಆಮೇಲೆ ಮೇಡಂ ದನಿ ಒಡೆಯಿತು. ಪಾಠದ ನಡುವೆ ಕೆಮ್ಮುತ್ತ ಗೋಡೆ ಹಿಡಿದು ನಿಲ್ಲುತ್ತಿದ್ದರು.

"ಕಿಟಕಿನಾದ್ರೂ ತೆಗೀರಿ ಮೇಡಂ, ಕೆಳಗಿರೋ ನಮ್ಗೇ ಎದೆ ಹಿಡ್ಕೊಳ್ಳತ್ತೆ," ಎಂದರು ಅಮ್ಮ.

"ಗಾಳಿ ಆಡಿದ್ರೆ ಹರಳು ಕೆಟ್ಟೋಗತ್ತೆ. ಇನ್ನೊಂದು ವಾರ ಅಷ್ಟೇ."

ಆ ಒಂದು ವಾರ ಮುಗಿಯಲೇ ಇಲ್ಲ…

ಒಂದು ಬೆಳಿಗ್ಗೆ ಮೇಲೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಅಪ್ಪ ಓಡಿದರು. ಮೇಡಂ ನೆಲದ ಮೇಲಿದ್ದರು, ತುಟಿ ನೀಲಿಗಟ್ಟಿತ್ತು. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಅಪ್ಪನ ತೋಳು ಹಿಡಿದು, ಮನೆಯ ಕಡೆ ಕೈ ತೋರಿಸಿ, ಏನೋ ಹೇಳಲು ಒದ್ದಾಡಿದರು. ದನಿ ಹೊರಡಲಿಲ್ಲ. ಬೀಗ ಹಾಕಿದೆವೋ ಇಲ್ಲವೋ ಎಂದು ಕೇಳುತ್ತಿದ್ದಾರೆ ಅಂದುಕೊಂಡೆವು.

ಆ ಅಯೋಡಿನ್ ಹೊಗೆ ಇನ್ನಷ್ಟು ದಿನ ಕುಡಿದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಅಂದೇ ಸಂಜೆ ಅಪ್ಪ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಿಟಕಿಗಳನ್ನೆಲ್ಲ ತೆರೆದರು; ಬಟ್ಟಲುಗಳಲ್ಲಿದ್ದುದನ್ನೆಲ್ಲ ಚೆಲ್ಲಿ, ಕೋಣೆ ತೊಳೆದರು. ಚರಂಡಿಯ ನೀರು ಕಂದಾಗಿ ಹರಿಯಿತು.

ಆಸ್ಪತ್ರೆಯಿಂದ ಬಂದ ಮೇಡಂ ಆ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತರು.

"ಕಿಟಕಿ ಹತ್ರದ ಬಟ್ಟಲಲ್ಲಿ ಹರಳು ಬಂದಿತ್ತು," ಎಂದು ಪಿಸುಗುಟ್ಟಿದರು. ಅಪ್ಪನ ಮುಖ ಬಿಳಿಚಿತು. ಅದನ್ನು ಕಂಡು, "ಹೋಗ್ಲಿ ಬಿಡಿ, ನನಗೋಸ್ಕರ ತಾನೆ ಮಾಡಿದ್ದು," ಎಂದರು.

ಮೇಡಂ ತ್ಯಾಗರಾಜನಗರದ ತಮ್ಮ ಅಕ್ಕನ ಮನೆಗೆ ಹೊರಟುಹೋದರು. ದನಿ ಮರಳಲಿಲ್ಲ, ಪಾಠ ನಿಂತಿತು. ಕೆಲವು ವರ್ಷಗಳಲ್ಲಿ ಎದೆಯ ರೋಗವೇ ಅವರನ್ನು ಕೊಂಡೊಯ್ಯಿತು.

ಈಗ ನಾನೂ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನೆಗೆಟಿವ್ ಅಣುಗಳು ಹಾಗೆ ಹಿಡಿದುಕೊಳ್ಳುವುದನ್ನು ಬೇರೆಲ್ಲೋ ಯಾರೋ ಹರಳಿನಲ್ಲಿ ತೋರಿಸಿದ್ದಾರೆ ಎಂದು ಮೊನ್ನೆ ಅಪ್ಪನಿಗೆ ಹೇಳಿದೆ.

"ನಾನು ಚೆಲ್ಲಿದ್ದೂ ಅದೇನಾ?" ಎಂದು ಕೇಳಿದರು ಅಪ್ಪ.

"ಗೊತ್ತಿಲ್ಲಪ್ಪ," ಎಂದೆ. ಆ ಹರಳನ್ನು ಕಂಡಿದ್ದವರು ಮೇಡಂ ಒಬ್ಬರೇ.