ನೀರು ಕುಡಿಯದ ಹರಗೋಲು

ಆ ಕೆರೆಯಲ್ಲಿ ತೆರೆ ಏಳುವುದನ್ನು ನಾನು ಕಂಡಿಲ್ಲ. ಅಂದು ಗಾಳಿಯೂ ಇರಲಿಲ್ಲ. ಆದದ್ದಕ್ಕೆ ನೀರನ್ನಾಗಲಿ ಗಾಳಿಯನ್ನಾಗಲಿ ದೂರುವಂತಿಲ್ಲವಾದ್ದರಿಂದ ಇದನ್ನು ಮೊದಲೇ ಬರೆಯುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಬಿ.ಎ. ಓದುತ್ತಿದ್ದ ನಾನು ದೀಪಾವಳಿ ರಜೆ ಮುಗಿಸಿ ಊರಿಂದ ಹೊರಟಿದ್ದೆ. ನರಗುಂದದ ಮೋಟಾರು ಕೆರೆಯಾಚೆಯ ರಸ್ತೆಯಲ್ಲಿ ನಿಲ್ಲುತ್ತಿತ್ತು. ಸುತ್ತು ಹಾಕಿ ನಡೆದರೆ ತಡವಾದೀತೆಂದು, ಮೀನು ಹಿಡಿಯುವ ಅಂಬಿಗನ ಹರಗೋಲಿನಲ್ಲಿ ದಾಟಲು ಹೋದೆ. ಬಿದಿರ ಬುಟ್ಟಿಗೆ ಎಮ್ಮೆಯ ತೊಗಲು ಹೊಲಿದ ದುಂಡನೆಯ ದೋಣಿ ಅದು. ಹಬ್ಬಕ್ಕೆಂದು ಎಂಟು ದಿನ ದಂಡೆಯ ಮೇಲೆ ಬೋರಲು ಬಿದ್ದಿದ್ದರಿಂದ ತೊಗಲು ಹಲಗೆಯಂತೆ ಒಣಗಿತ್ತು. ಅವನು ಅದನ್ನು ತಲೆಯ ಮೇಲೆ ಹೊತ್ತು ತಂದು, ಮೊಣಕಾಲುದ್ದ ನೀರಿನಲ್ಲಿ ಇಳಿಸಿ, ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತ.

“ಇನ್ನೇನ ಕಾಯೂದೈತಿ?” ಎಂದೆ.

“ನೀರ ಕುಡೀಲಿ ತಡೀರಿ, ಧಣ್ಯಾರ. ತೊಗಲ ಮೆತ್ತಗಾಗಬೇಕ.”

“ಎತ್ತಿನ ಸುದ್ದಿ ಹೇಳಿದಾಂಗ ಹೇಳ್ತಿ ನೋಡ. ಇದಕ್ಕೂ ನೀರಡಿಕಿ ಆಗತೈತೇನ?”

ಅವನು ನಕ್ಕ. ಹರಗೋಲಿಗೆ ನೀರು ಕುಡಿಸುವುದು ಅಂಬಿಗರ ಒಂದು ಬಗೆಯ ಪೂಜೆಯೆಂದೇ ನಾನು ತಿಳಿದಿದ್ದೆ; ಮೆತ್ತಗಾಗಬೇಕೆಂಬ ಮಾತು ಕಿವಿಗೆ ಬಿದ್ದಿತ್ತು, ಒಳಗೆ ಹೋಗಿರಲಿಲ್ಲ. ಮೋಟಾರು ತಪ್ಪಿದರೆ ಧಾರವಾಡದ ತನಕ ನೀನೇ ನನ್ನನ್ನು ಹೊರಬೇಕಾದೀತು ಎಂದು ಮತ್ತೆ ಚೇಷ್ಟೆ ಮಾಡಿದೆ. ಸುಗ್ಗಿಯಲ್ಲಿ ನಮ್ಮ ಹೊಲಕ್ಕೆ ಕೂಲಿಗೆ ಬರುವವನು, ಎದುರಾಡಲಿಲ್ಲ. ಎದ್ದು ಬಲೆಯನ್ನೂ ಅದರ ಕಲ್ಲುಗಳನ್ನೂ ನಡುವೆ ಇಟ್ಟ. ನನ್ನ ತಗಡಿನ ಟ್ರಂಕನ್ನು ಬಲೆಯ ಮೇಲಿಡಿ ಎಂದ. ಪುಸ್ತಕಗಳಿಗೆ ಮೀನಿನ ನಾತ ಹಿಡಿದೀತೆಂದು ನಾನದನ್ನು ಬರಿ ತೊಗಲಿನ ಮೇಲೆ ಇಟ್ಟೆ.

ನಡುಗೆರೆಯಲ್ಲಿ ಟ್ರಂಕಿನ ಮೂಲೆಯಡಿ ಟಪ್ಪೆಂದಿತು. ತೊಗಲು ಸೀಳಿತ್ತು. ನೀರು ಸದ್ದಿಲ್ಲದೆ ಪಾದದ ಸುತ್ತ ಹರಡಿತು. ನಾನು ಎದ್ದು ನಿಂತೆ.

“ಕುಂದರ್ರಿ,” ಎಂದ. ಕೂಗಲಿಲ್ಲ. ಅಷ್ಟರಲ್ಲಿ ಹರಗೋಲು ಮಗುಚಿತ್ತು.

ಮುಂದಿನದು ನನಗೆ ಇಂದಿಗೂ ಕಾಣುತ್ತಲೇ ಇರುತ್ತದೆ. ಮಗುಚಿದ ಹರಗೋಲಿನ ಬಿದಿರಂಚು ಎದೆಗೆ ತಾಗುತ್ತದೆ. ನನ್ನತ್ತ ತಳ್ಳಿದವನು ಅವನೇ. ಅವನ ಕಾಲಿಗೆ ಬಲೆ ಸುತ್ತಿಕೊಂಡಿದೆ, ಕಲ್ಲುಗಳು ಕೆಳಗೆ ಜಗ್ಗುತ್ತಿವೆ. ಕೆಲವು ಸಲ ನಾನು ಕೈ ಚಾಚುತ್ತೇನೆ. ಅಂದು ಚಾಚಲಿಲ್ಲ. ಎರಡೂ ಕೈಗಳಿಂದ ಆ ಅಂಚನ್ನು ತಬ್ಬಿ, ಕೆಸರು ಸಿಗುವ ತನಕ ಕಾಲು ಬಡಿದೆ. ತಿರುಗಿ ನೋಡಿದಾಗ ನೀರಿನ ಮೇಲೆ ಏನೂ ಇರಲಿಲ್ಲ.

ಊರವರು ಅವನನ್ನು ಮೇಲೆತ್ತಿದಾಗ ಹೊತ್ತು ಇಳಿದಿತ್ತು. ಅವನ ಹೆಂಡತಿ ಹೆಣದ ಎದೆಯ ಮೇಲೆ ಕೈಯಿಟ್ಟು ಕೂತವಳು ನನ್ನನ್ನು ಕೇಳಿದಳು.

“ಹ್ಯಾಂಗಾತ್ರಿ?”

ಎಲ್ಲರೂ ನನ್ನತ್ತ ನೋಡಿದರು. ಹೇಳಬೇಕಾದ ಮಾತು ಬಾಯಲ್ಲೇ ಇತ್ತು.

“ಹೊಲಿಗಿ ಬಿಚ್ಚಿತು,” ಎಂದೆ.

ಅವಳು ಹೆಣದ ಮೇಲಿನ ಕೈ ತೆಗೆದಳು.

“ಆ ಹೊಲಿಗಿ ನಂದರಿ,” ಎಂದಳು. “ಶೀಗಿ ಹುಣ್ಣಿವಿ ಮರುದಿನ ನಾನ ಹಾಕಿದ್ದೆ.”

ಅಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಯಾರೋ ನನಗೆ ಕಂಬಳಿ ಹೊದಿಸಿದರು. ಅದನ್ನು ಬಿಗಿಹಿಡಿದು ಮನೆಗೆ ನಡೆದೆ. ಆಮೇಲೆ ಅವಳು ಸೂಜಿ ಮುಟ್ಟುವುದನ್ನೇ ಬಿಟ್ಟಳೆಂದು, ಹರಿದ ಕುಪ್ಪಸವನ್ನೂ ಗಂಟು ಹಾಕಿ ತೊಡುತ್ತಾಳೆಂದು ನನ್ನ ತಾಯಿ ಮುಂದಿನ ರಜೆಯಲ್ಲಿ ಹೇಳಿದಳು. ಆಗಲೂ ನಾನು ಸುಮ್ಮನಿದ್ದೆ.